ಕುಟುಂಬ ವೈದ್ಯರ ಆಯ್ಕೆ ಮತ್ತು ಮೌಲ್ಯಮಾಪನ: ಬ್ರಿಟನ್ನಿನ ಪದ್ಧತಿ

ಬ್ರಿಟನ್ನಿನಲ್ಲಿ ತುರ್ತು ಸಂದರ್ಭವನ್ನು ಬಿಟ್ಟರೆ ರೋಗಿಯು ನೇರವಾಗಿ ತಜ್ಞ ವೈದ್ಯರ ಬಾಗಿಲು ತಟ್ಟುವ ರೂಢಿಯಿಲ್ಲ. 1948ರ ಜುಲೈ 5ರಂದು ಆರಂಭವಾದ ರಾಷ್ಟ್ರೀಯ ಆರೋಗ್ಯ ಸೇವೆ, ಅಂದರೆ ಎನ್‌ಎಚ್‌ಎಸ್ ವ್ಯವಸ್ಥೆಯಲ್ಲಿ ಆತ ಮೊದಲು ಕಾಣಬೇಕಾದವರು ತಾನು ಹೆಸರು ನೋಂದಾಯಿಸಿಕೊಂಡಿರುವ ಚಿಕಿತ್ಸಾಲಯದ ಕುಟುಂಬ ವೈದ್ಯರು. ಅಲ್ಲಿ ಅವರನ್ನು ಜನರಲ್ ಪ್ರಾಕ್ಟೀಷನರ್ ಅಥವಾ ಜಿಪಿ ಎಂದು ಕರೆಯುತ್ತಾರೆ. ಯಾವ ತಲೆನೋವಿಗೆ ಒಂದು ಮಾತ್ರೆ ಸಾಕು, ಯಾವುದನ್ನು ಅಂದೇ ಆಸ್ಪತ್ರೆಗೆ ಕಳುಹಿಸಬೇಕು ಎಂಬುದನ್ನು ಕೆಲವೇ ನಿಮಿಷಗಳಲ್ಲಿ ತೀರ್ಮಾನಿಸುವ ಹೊಣೆ ಇವರದು. ಆದ್ದರಿಂದ ಈ ಕುರ್ಚಿಯಲ್ಲಿ ಯಾರು ಕುಳಿತುಕೊಳ್ಳಬೇಕು ಎಂಬ ಪ್ರಶ್ನೆ ಅಲ್ಲಿನ ಆಡಳಿತಕ್ಕೂ ವೈದ್ಯ ಸಮುದಾಯಕ್ಕೂ ಬಹುಕಾಲದಿಂದ ಚರ್ಚೆಯ ವಿಷಯವಾಗಿದೆ. ಎನ್‌ಎಚ್‌ಎಸ್‌ನ ಕುಟುಂಬ ವೈದ್ಯರಲ್ಲಿ ಭಾರತದಿಂದ ಹೋದವರ ಪಾಲು ಮೊದಲಿನಿಂದಲೂ ದೊಡ್ಡದಾಗಿರುವುದರಿಂದ, ಈ ಚರ್ಚೆ ಕರ್ನಾಟಕದ ವೈದ್ಯಕೀಯ ಪದವೀಧರರಿಗೂ ಸಂಬಂಧಪಟ್ಟದ್ದೇ ಆಗಿದೆ.

ಹಿನ್ನೆಲೆ

ಎನ್‌ಎಚ್‌ಎಸ್‌ನ ಮೊದಲ ದಶಕಗಳಲ್ಲಿ ಜಿಪಿ ಆಗಲು ಪ್ರತ್ಯೇಕ ತರಬೇತಿಯ ನಿರ್ಬಂಧ ಇರಲಿಲ್ಲ. ನೋಂದಾಯಿತ ವೈದ್ಯರಾಗಿದ್ದರೆ ಸಾಕಿತ್ತು. ತಜ್ಞ ಹುದ್ದೆಗೆ ಏರಲಾಗದವರು ಹಿಡಿಯುವ ದಾರಿ ಇದು ಎಂಬ ತಾತ್ಸಾರವೂ ಆಸ್ಪತ್ರೆಗಳಲ್ಲಿತ್ತು. ಈ ಭಾವನೆಯನ್ನು ತೊಡೆದುಹಾಕಿ ಕುಟುಂಬ ವೈದ್ಯಕ್ಕೆ ಶಾಸ್ತ್ರೀಯ ಸ್ಥಾನ ದೊರಕಿಸುವ ಉದ್ದೇಶದಿಂದ 1952ರಲ್ಲಿ ಜಿಪಿಗಳ ಕಾಲೇಜು ಸ್ಥಾಪನೆಯಾಯಿತು. ಮುಂದೆ ಅದು ರಾಯಲ್ ಕಾಲೇಜ್ ಆಫ್ ಜನರಲ್ ಪ್ರಾಕ್ಟೀಷನರ್ಸ್ ಎನಿಸಿತು. ಕಾಲೇಜಿನ ಸದಸ್ಯತ್ವಕ್ಕಾಗಿ 1965ರಲ್ಲಿ ಪರೀಕ್ಷೆ ಆರಂಭವಾಯಿತು. ಎಂಆರ್‌ಸಿಜಿಪಿ ಎಂಬ ಬಿರುದು ಬಂದದ್ದು ಇದರಿಂದಲೇ. 1980ರ ದಶಕದ ಆರಂಭದಲ್ಲಿ ಮೂರು ವರ್ಷಗಳ ತರಬೇತಿ ಕಡ್ಡಾಯವಾಯಿತು. ಬಹುಕಾಲ ಐಚ್ಛಿಕವಾಗಿಯೇ ಉಳಿದಿದ್ದ ಎಂಆರ್‌ಸಿಜಿಪಿ ಪರೀಕ್ಷೆ 2007ರಿಂದ ಹೊಸ ರೂಪ ಪಡೆದು, ತರಬೇತಿ ಮುಗಿಸಿ ಜಿಪಿ ಆಗಬಯಸುವ ಎಲ್ಲರಿಗೂ ಅನಿವಾರ್ಯವಾಯಿತು.

ಪದವಿಯ ನಂತರ ಎರಡು ವರ್ಷಗಳ ಫೌಂಡೇಷನ್ ತರಬೇತಿ, ಅದರ ಮೇಲೆ ಮೂರು ವರ್ಷಗಳ ಜಿಪಿ ತರಬೇತಿ ಎಂಬುದು ಈಗಿನ ಕ್ರಮ. ಹೊರದೇಶದಲ್ಲಿ ಓದಿದವರು ಪ್ಲಾಬ್ ಪರೀಕ್ಷೆಯ ಎರಡು ಹಂತಗಳನ್ನು ದಾಟಿ, ಅಥವಾ ಮಾನ್ಯತೆ ಪಡೆದ ಬೇರೆ ಅರ್ಹತೆಯ ಮೂಲಕ, ಅಲ್ಲಿನ ವೈದ್ಯಕೀಯ ಮಂಡಳಿಯಲ್ಲಿ ನೋಂದಣಿ ಪಡೆಯುತ್ತಾರೆ. ಫೌಂಡೇಷನ್ ಹಂತಕ್ಕೆ ಸಮನಾದ ಸಾಮರ್ಥ್ಯ ತಮಗಿದೆ ಎಂಬುದಕ್ಕೆ ಅವರು ಪ್ರಮಾಣಪತ್ರವನ್ನೂ ಒದಗಿಸಬೇಕಾಗುತ್ತದೆ.

ಆಯ್ಕೆ ಹೇಗೆ?

ಉತ್ತಮ ಕುಟುಂಬ ವೈದ್ಯರಲ್ಲಿ ಇರಬೇಕಾದ ಗುಣಗಳು ಯಾವುವು ಎಂಬುದನ್ನು ಮೊದಲು ಪಟ್ಟಿ ಮಾಡಿಕೊಂಡು, ನಂತರ ಅವುಗಳನ್ನು ಅಳೆಯುವ ಸಾಧನಗಳನ್ನು ರೂಪಿಸಿದ್ದು ಬ್ರಿಟನ್ನಿನ ಪದ್ಧತಿಯ ವಿಶೇಷ. ಮನೋವಿಜ್ಞಾನಿ ಫಿಯೋನಾ ಪ್ಯಾಟರ್ಸನ್ ಮತ್ತು ಸಂಗಡಿಗರು 2000ದಲ್ಲಿ ಪ್ರಕಟಿಸಿದ ಅಧ್ಯಯನವು ಜಿಪಿಗಳ ಕೆಲಸವನ್ನು ವಿಶ್ಲೇಷಿಸಿ 11 ಸಾಮರ್ಥ್ಯಗಳನ್ನು ಗುರುತಿಸಿತು. ವೈದ್ಯಕೀಯ ಜ್ಞಾನದ ಜೊತೆಗೆ ಸಹಾನುಭೂತಿ, ಸಂವಹನ, ಒತ್ತಡವನ್ನು ನಿಭಾಯಿಸುವ ಶಕ್ತಿ, ವೃತ್ತಿಪರ ಪ್ರಾಮಾಣಿಕತೆ ಮುಂತಾದವು ಆ ಪಟ್ಟಿಯಲ್ಲಿ ಸ್ಥಾನ ಪಡೆದವು.

ಈ ತಳಹದಿಯ ಮೇಲೆ ರೂಪುಗೊಂಡ ಆಯ್ಕೆಗೆ ಮೂರು ಹಂತಗಳಿದ್ದವು. ಮೊದಲನೆಯದು ಅರ್ಹತೆಯ ಪರಿಶೀಲನೆ. ಎರಡನೆಯದು ಕಂಪ್ಯೂಟರ್ ಮೂಲಕ ನಡೆಯುವ ಪರೀಕ್ಷೆ. ಇದೀಗ ಎಂಎಸ್‌ಆರ್‌ಎ ಎಂಬ ಹೆಸರಿನಲ್ಲಿದೆ. ಮೂರನೆಯದು ಆಯ್ಕೆ ಕೇಂದ್ರ. ಅಲ್ಲಿ ಅಭ್ಯರ್ಥಿಯು ರೋಗಿ, ರೋಗಿಯ ಬಂಧು ಮತ್ತು ಸಹೋದ್ಯೋಗಿಯ ಪಾತ್ರ ವಹಿಸುವ ನಟರೊಂದಿಗೆ ಮಾತನಾಡಿ, ತನ್ನ ನಡವಳಿಕೆಯನ್ನು ಪರೀಕ್ಷಕರ ಮುಂದೆ ತೋರಬೇಕಿತ್ತು. ಎರಡನೆಯ ಹಂತದಲ್ಲಿ ಅತಿ ಹೆಚ್ಚು ಅಂಕ ಪಡೆದವರಿಗೆ ಇದರಿಂದ ವಿನಾಯಿತಿ ನೀಡುವ ಕ್ರಮವೂ ಒಂದು ಹಂತದಲ್ಲಿ ಜಾರಿಗೆ ಬಂತು. 2020ರಲ್ಲಿ ಕೋವಿಡ್ ಕಾರಣದಿಂದ ಆಯ್ಕೆ ಕೇಂದ್ರಗಳು ಸ್ಥಗಿತಗೊಂಡವು. ಅಂದಿನಿಂದ ಜಿಪಿ ತರಬೇತಿಯ ಸ್ಥಾನಗಳು ಎಂಎಸ್‌ಆರ್‌ಎ ಅಂಕಗಳ ಆಧಾರದ ಮೇಲೆಯೇ ಹಂಚಿಕೆಯಾಗುತ್ತಾ ಬಂದಿವೆ.

ಎಂಎಸ್‌ಆರ್‌ಎಯಲ್ಲಿ ಎರಡು ಭಾಗಗಳಿವೆ. ಒಂದು ರೋಗ ಪತ್ತೆ ಮತ್ತು ಚಿಕಿತ್ಸೆಗೆ ಸಂಬಂಧಿಸಿದ್ದು. ಇನ್ನೊಂದು ವೃತ್ತಿಯ ಇಕ್ಕಟ್ಟುಗಳಿಗೆ ಸಂಬಂಧಿಸಿದ್ದು. ಉದಾಹರಣೆಗೆ, ಸಹೋದ್ಯೋಗಿಯೊಬ್ಬರು ರೋಗಿಗೆ ತಪ್ಪು ಪ್ರಮಾಣದ ಔಷಧ ಬರೆದಿರುವುದನ್ನು ನೀವು ಪಾಳಿಯ ಕೊನೆಯಲ್ಲಿ ಗಮನಿಸುತ್ತೀರಿ. ಆತ ಆಗಲೇ ಮನೆಗೆ ಹೊರಟಿದ್ದಾನೆ. ಚೀಟಿಯನ್ನು ತಿದ್ದಿ ಸುಮ್ಮನಾಗುವುದೇ? ಹಿರಿಯರಿಗೆ ತಿಳಿಸುವುದೇ? ರೋಗಿಯನ್ನು ಮೊದಲು ಪರೀಕ್ಷಿಸುವುದೇ? ಇಂತಹ ಪ್ರತಿಕ್ರಿಯೆಗಳನ್ನು ಅಭ್ಯರ್ಥಿಯು ಸೂಕ್ತತೆಯ ಕ್ರಮದಲ್ಲಿ ಜೋಡಿಸಬೇಕು ಅಥವಾ ಹಲವು ಆಯ್ಕೆಗಳಲ್ಲಿ ಮೂರನ್ನು ಆರಿಸಬೇಕು. ಅನುಭವಿ ವೈದ್ಯರ ಮಂಡಳಿ ಒಮ್ಮತದಿಂದ ನಿರ್ಧರಿಸಿದ ಕ್ರಮಕ್ಕೆ ಉತ್ತರ ಎಷ್ಟು ಹತ್ತಿರವಿದೆ ಎಂಬುದರ ಮೇಲೆ ಅಂಕ ದೊರೆಯುತ್ತದೆ.

ಸಾವಿರಾರು ಅರ್ಜಿದಾರರನ್ನು ಒಂದೇ ಅಳತೆಗೋಲಿನಿಂದ, ಕಡಿಮೆ ವೆಚ್ಚದಲ್ಲಿ ಅಳೆಯಲು ಇದು ಅನುಕೂಲ. ಆದರೆ ಏನು ಮಾಡಬೇಕೆಂದು ಗುರುತಿಸುವುದು ಬೇರೆ, ಅಳುತ್ತಿರುವ ರೋಗಿಯ ಎದುರು ಅದನ್ನು ಮಾಡುವುದು ಬೇರೆ. ಮುಖಾಮುಖಿ ಪರೀಕ್ಷೆ ಕೈಬಿಟ್ಟ ಮೇಲೆ ಈ ಎರಡರ ನಡುವಿನ ಅಂತರ ತರಬೇತಿ ಆರಂಭವಾದ ನಂತರವೇ ಗೋಚರಿಸುತ್ತದೆ ಎಂಬುದು ಇದರ ಮೇಲಿರುವ ಮುಖ್ಯ ಆಕ್ಷೇಪ.

ತರಬೇತಿಯ ಅವಧಿಯ ಮೌಲ್ಯಮಾಪನ

ಎಂಆರ್‌ಸಿಜಿಪಿಗೆ ಮೂರು ಅಂಗಗಳಿವೆ. ಮೊದಲನೆಯದು ಅನ್ವಯಿಕ ಜ್ಞಾನದ ಪರೀಕ್ಷೆ. ಇದರಲ್ಲಿ ಶೇ 80ರಷ್ಟು ಪ್ರಶ್ನೆಗಳು ಚಿಕಿತ್ಸೆಗೆ ಸಂಬಂಧಿಸಿರುತ್ತವೆ. ಉಳಿದವು ಅಂಕಿಅಂಶ ಮತ್ತು ಸಂಶೋಧನೆಗಳ ವಿಮರ್ಶೆ ಹಾಗೂ ಆಡಳಿತ, ಕಾನೂನು ವಿಷಯಗಳಿಗೆ ತಲಾ ಶೇ 10ರಂತೆ ಮೀಸಲು.

ಎರಡನೆಯದು ಕೆಲಸದ ಸ್ಥಳದಲ್ಲಿಯೇ ನಡೆಯುವ ಮೌಲ್ಯಮಾಪನ. ತರಬೇತುದಾರ ವೈದ್ಯರು ರೋಗಿಯೊಡನೆ ನಡೆದ ಮಾತುಕತೆಯನ್ನು ವೀಕ್ಷಿಸುತ್ತಾರೆ, ನಿರ್ವಹಿಸಿದ ಪ್ರಕರಣಗಳ ಕುರಿತು ಚರ್ಚಿಸುತ್ತಾರೆ, ಸಹೋದ್ಯೋಗಿಗಳ ಮತ್ತು ರೋಗಿಗಳ ಅಭಿಪ್ರಾಯ ಸಂಗ್ರಹಿಸುತ್ತಾರೆ. 13 ಸಾಮರ್ಥ್ಯಗಳಲ್ಲಿ ಅಭ್ಯರ್ಥಿಯ ಪ್ರಗತಿ ವಿದ್ಯುನ್ಮಾನ ದಾಖಲೆಯಲ್ಲಿ ನಮೂದಾಗುತ್ತದೆ. ವರ್ಷಕ್ಕೊಮ್ಮೆ ಸಮಿತಿಯೊಂದು ಅದನ್ನು ಪರಿಶೀಲಿಸಿ, ಮುಂದಿನ ಹಂತಕ್ಕೆ ಕಳುಹಿಸಬೇಕೇ ಬೇಡವೇ ಎಂದು ನಿರ್ಧರಿಸುತ್ತದೆ.

ಮೂರನೆಯದು ಸಮಾಲೋಚನೆಯ ಪರೀಕ್ಷೆ. ಸಿಎಸ್‌ಎ ಎಂಬ ಹೆಸರಿನ ಹಳೆಯ ಪದ್ಧತಿಯಲ್ಲಿ ಅಭ್ಯರ್ಥಿಗಳು ಲಂಡನ್ನಿಗೆ ಹೋಗಿ, ರೋಗಿಗಳಂತೆ ನಟಿಸುವ 13 ಮಂದಿಯನ್ನು ತಲಾ 10 ನಿಮಿಷಗಳಲ್ಲಿ ನೋಡಬೇಕಿತ್ತು. ಕೋವಿಡ್ ಬಂದಾಗ ಇದರ ಬದಲು ನೈಜ ಸಮಾಲೋಚನೆಗಳ ಧ್ವನಿಮುದ್ರಣ ಅಥವಾ ದೃಶ್ಯಮುದ್ರಣವನ್ನು ಪರಿಶೀಲಿಸುವ ತಾತ್ಕಾಲಿಕ ಕ್ರಮ ಜಾರಿಗೆ ಬಂತು. 2023ರ ನವೆಂಬರ್‌ನಲ್ಲಿ ಎಸ್‌ಸಿಎ ಎಂಬ ಹೊಸ ಪರೀಕ್ಷೆ ಆರಂಭವಾಯಿತು. ಇದರಲ್ಲಿ 12 ಪ್ರಕರಣಗಳು, ಪ್ರತಿಯೊಂದಕ್ಕೂ 12 ನಿಮಿಷ. ಅಭ್ಯರ್ಥಿಗಳು ಚಿಕಿತ್ಸಾಲಯದಲ್ಲಿಯೇ ಕುಳಿತು ವಿಡಿಯೋ ಅಥವಾ ದೂರವಾಣಿಯ ಮೂಲಕ ಪರೀಕ್ಷೆಗೆ ಹಾಜರಾಗಬಹುದು. ಮಾಹಿತಿ ಸಂಗ್ರಹ ಮತ್ತು ರೋಗನಿರ್ಣಯ, ಚಿಕಿತ್ಸೆಯ ನಿರ್ವಹಣೆ, ರೋಗಿಯೊಂದಿಗಿನ ಒಡನಾಟ ಎಂಬ ಮೂರು ನೆಲೆಗಳಲ್ಲಿ ಅಂಕ ನೀಡಲಾಗುತ್ತದೆ.

ನ್ಯಾಯಾಲಯದ ಮೆಟ್ಟಿಲೇರಿದ ಪರೀಕ್ಷೆ

ಸಿಎಸ್‌ಎ ಪರೀಕ್ಷೆಯಲ್ಲಿ ಹೊರದೇಶಗಳಲ್ಲಿ ಓದಿದ ವೈದ್ಯರು ಅನುತ್ತೀರ್ಣರಾಗುವ ಪ್ರಮಾಣ ಬ್ರಿಟನ್ನಿನಲ್ಲಿ ಓದಿದವರಿಗಿಂತ ಹಲವು ಪಟ್ಟು ಹೆಚ್ಚಾಗಿತ್ತು. ಪ್ರೊ. ಅನೀಸ್ ಇಸ್ಮಾಯಿಲ್ ಮತ್ತು ಪ್ರೊ. ಕ್ರಿಸ್ ರಾಬರ್ಟ್ಸ್ 2013ರಲ್ಲಿ ನಡೆಸಿದ ವಿಶ್ಲೇಷಣೆ ಮತ್ತೊಂದು ಸಂಗತಿಯನ್ನು ಹೊರಗೆಡವಿತು. ಬ್ರಿಟನ್ನಿನಲ್ಲಿಯೇ ಓದಿದ ಅಲ್ಪಸಂಖ್ಯಾತ ಜನಾಂಗಗಳ ಅಭ್ಯರ್ಥಿಗಳು ಸಹ ಮೊದಲ ಪ್ರಯತ್ನದಲ್ಲಿ ಅನುತ್ತೀರ್ಣರಾಗುವ ಸಂಭವ ಅಲ್ಲಿನ ಬಿಳಿಯ ಅಭ್ಯರ್ಥಿಗಳಿಗಿಂತ ಸುಮಾರು ನಾಲ್ಕು ಪಟ್ಟು ಹೆಚ್ಚಾಗಿತ್ತು. ಅಂದು ನಾಲ್ಕು ಪ್ರಯತ್ನಗಳಿಗೆ ಮಾತ್ರ ಅವಕಾಶವಿದ್ದುದರಿಂದ, ಸೋತವರ ಪಾಲಿಗೆ ಹಲವು ವರ್ಷಗಳ ಶ್ರಮ ಮತ್ತು ವೃತ್ತಿಯ ಭವಿಷ್ಯವೇ ಪಣಕ್ಕಿಟ್ಟಂತಾಗಿತ್ತು.

ಭಾರತೀಯ ಮೂಲದ ವೈದ್ಯರ ಸಂಘಟನೆಯಾದ ಬಾಪಿಯೋ ಇದನ್ನು ಪ್ರಶ್ನಿಸಿ ಇಂಗ್ಲೆಂಡಿನ ಹೈಕೋರ್ಟಿಗೆ ಹೋಯಿತು. 2014ರ ಏಪ್ರಿಲ್‌ನಲ್ಲಿ ನ್ಯಾಯಮೂರ್ತಿ ಮಿಟಿಂಗ್ ಅರ್ಜಿಯನ್ನು ವಜಾ ಮಾಡಿದರು. ರೋಗಿಗಳ ಸುರಕ್ಷತೆಯ ದೃಷ್ಟಿಯಿಂದ ಈ ಪರೀಕ್ಷೆ ಸಮರ್ಥನೀಯವಾಗಿದೆ, ಕಾಲೇಜು ತಾರತಮ್ಯ ಎಸಗಿಲ್ಲ ಎಂಬುದು ಅವರ ನಿರ್ಣಯ. ಆದರೆ ಅರ್ಜಿದಾರರಿಗೆ ಕಾನೂನಿನ ಗೆಲುವು ದೊರೆಯದಿದ್ದರೂ ನೈತಿಕ ಯಶಸ್ಸು ದೊರೆತಿದೆ ಎಂದು ಅವರು ಅಭಿಪ್ರಾಯಪಟ್ಟರು. ಅಂತರವನ್ನು ತಗ್ಗಿಸಲು ಕಾಲೇಜು ಕ್ರಮ ಕೈಗೊಳ್ಳಬೇಕಾದ ಕಾಲ ಬಂದಿದೆ ಎಂಬ ಎಚ್ಚರಿಕೆಯೂ ತೀರ್ಪಿನಲ್ಲಿತ್ತು. ನಂತರದ ವರ್ಷಗಳಲ್ಲಿ ಪರೀಕ್ಷೆಯ ಸ್ವರೂಪ ಬದಲಾಯಿತಾದರೂ ಫಲಿತಾಂಶಗಳ ನಡುವಿನ ಅಂತರ ಪೂರ್ತಿ ಮುಚ್ಚಿಲ್ಲ.

ಕಾರಣದ ಬಗ್ಗೆ ಒಮ್ಮತವಿಲ್ಲ. ಪ್ಲಾಬ್ ಮೂಲಕ ಬಂದವರ ಜ್ಞಾನಮಟ್ಟವೇ ಸರಾಸರಿಯಲ್ಲಿ ಕಡಿಮೆಯಿದೆ, ಅದರ ಉತ್ತೀರ್ಣತೆಯ ಗೆರೆಯನ್ನು ಏರಿಸಬೇಕಾದೀತು ಎಂದು 2014ರಲ್ಲಿ ಪ್ರಕಟವಾದ ಒಂದು ಅಧ್ಯಯನ ಸೂಚಿಸಿತು. ಆದರೆ ಬ್ರಿಟನ್ನಿನಲ್ಲಿಯೇ ಓದಿದ ಅಲ್ಪಸಂಖ್ಯಾತರ ಹಿನ್ನಡೆಯನ್ನು ಈ ವಾದ ವಿವರಿಸುವುದಿಲ್ಲ. ಹೊರಗಿನಿಂದ ಬಂದವರಿಗೆ ಸಮಾಲೋಚನೆಯ ರೀತಿಯೇ ಹೊಸದು ಎಂಬುದು ಇನ್ನೊಂದು ವಿವರಣೆ. ಜಿಪಿ ತನ್ನ ರೋಗಿಯನ್ನು, ಈ ತೊಂದರೆ ಏನಿರಬಹುದೆಂದು ನಿಮಗನಿಸುತ್ತದೆ, ಯಾವುದರ ಬಗ್ಗೆ ಆತಂಕವಿದೆ, ನನ್ನಿಂದ ಏನನ್ನು ನಿರೀಕ್ಷಿಸಿ ಬಂದಿದ್ದೀರಿ ಎಂದು ಕೇಳಬೇಕೆಂಬುದು ಅಲ್ಲಿನ ಪಾಠ. ನಮ್ಮ ಸರ್ಕಾರಿ ಆಸ್ಪತ್ರೆಯ ಹೊರರೋಗಿ ವಿಭಾಗದಲ್ಲಿ, ಬಾಗಿಲಾಚೆಯವರೆಗೂ ಸಾಲು ನಿಂತಿರುವಾಗ, ಇಂತಹ ಪ್ರಶ್ನೆ ಕೇಳಿದರೆ "ಅದು ನನಗೇ ಗೊತ್ತಿದ್ದರೆ ನಿಮ್ಮ ಹತ್ತಿರ ಯಾಕೆ ಬರ್ತಿದ್ದೆ ಡಾಕ್ಟ್ರೇ" ಎಂಬ ಉತ್ತರ ಬಂದೀತು. ಅಲ್ಲಿ ಕಲಿತ ವೈದ್ಯ ಇಲ್ಲಿ ವಿಚಿತ್ರವಾಗಿ ಕಾಣುವಂತೆ, ಇಲ್ಲಿ ಕಲಿತ ವೈದ್ಯ ಅಲ್ಲಿ ಒರಟನಾಗಿ ಕಾಣಬಹುದು. ಹೀಗಾಗಿ ಪರೀಕ್ಷೆ ಅಳೆಯುತ್ತಿರುವುದು ಸಾಮರ್ಥ್ಯವನ್ನೋ ಪರಿಚಯವನ್ನೋ ಎಂಬ ಪ್ರಶ್ನೆ ಏಳುತ್ತದೆ. ಬ್ರಿಟನ್ನಿನ ರೋಗಿಗೆ ಬೇಕಾದುದು ಆ ರೀತಿಯೇ ಎಂದಾದರೆ ಅದನ್ನು ಅಳೆಯುವುದು ತಪ್ಪಲ್ಲ; ಕಲಿಸದೆ ಅಳೆಯುವುದು ಮಾತ್ರ ತಪ್ಪು.

ಭಾರತದಲ್ಲಿ

ನಮ್ಮಲ್ಲಿ ಕುಟುಂಬ ವೈದ್ಯಶಾಸ್ತ್ರಕ್ಕೆ ಮೂರು ವರ್ಷಗಳ ಡಿಎನ್‌ಬಿ ಶಿಕ್ಷಣವಿದೆ. ಎಂಡಿ ಶಿಕ್ಷಣ ಕೆಲವೇ ಕಡೆ ಲಭ್ಯ. ಇದನ್ನು ಜನಪ್ರಿಯಗೊಳಿಸಬೇಕೆಂಬ ಆಶಯ 2017ರ ರಾಷ್ಟ್ರೀಯ ಆರೋಗ್ಯ ನೀತಿಯಲ್ಲಿದೆ. ಪ್ರವೇಶ ಮಾತ್ರ ಇತರ ಸ್ನಾತಕೋತ್ತರ ವಿಷಯಗಳಂತೆ ನೀಟ್-ಪಿಜಿಯ ರ‍್ಯಾಂಕ್ ಮೂಲಕ. ಬಹುಆಯ್ಕೆ ಪ್ರಶ್ನೆಗಳ ಆ ಪರೀಕ್ಷೆಯಲ್ಲಿ ಅಭ್ಯರ್ಥಿಯು ರೋಗಿಯೊಂದಿಗೆ ಹೇಗೆ ಮಾತನಾಡುತ್ತಾನೆ ಎಂದು ನೋಡುವ ಅವಕಾಶವೇ ಇಲ್ಲ. 2019ರಲ್ಲಿ ಎಂಬಿಬಿಎಸ್ ಪಠ್ಯಕ್ರಮಕ್ಕೆ ಮನೋಭಾವ, ನೈತಿಕತೆ ಮತ್ತು ಸಂವಹನದ ಪಾಠಗಳು ಸೇರಿರುವುದು ಈ ದಿಕ್ಕಿನಲ್ಲಿ ಒಂದು ಹೆಜ್ಜೆ.

ಬ್ರಿಟನ್ನಿಗೆ ತೆರಳಲು ಯೋಚಿಸುವವರು ಒಂದು ಸಂಗತಿಯನ್ನು ಗಮನದಲ್ಲಿಡಬೇಕು. ಅಲ್ಲಿನ ತರಬೇತಿ ಸ್ಥಾನಗಳಿಗೆ ಸ್ಪರ್ಧೆ ತೀವ್ರಗೊಂಡಿದೆ. ತಮ್ಮ ದೇಶದ ಪದವೀಧರರಿಗೆ ಹಾಗೂ ಎನ್‌ಎಚ್‌ಎಸ್‌ನಲ್ಲಿ ಗಣನೀಯ ಕಾಲ ದುಡಿದವರಿಗೆ ಆದ್ಯತೆ ನೀಡುವುದಾಗಿ ಇಂಗ್ಲೆಂಡಿಗಾಗಿ ಸರ್ಕಾರ ರೂಪಿಸಿದ ಹತ್ತು ವರ್ಷಗಳ ಆರೋಗ್ಯ ಯೋಜನೆ 2025ರ ಜುಲೈನಲ್ಲಿ ಘೋಷಿಸಿತು. ಪ್ಲಾಬ್ ಶುಲ್ಕ ಕಟ್ಟುವ ಮೊದಲು ಆಯಾ ವರ್ಷದ ಆಯ್ಕೆಯ ನಿಯಮಗಳನ್ನು ಓದಿಕೊಳ್ಳುವುದು ಕ್ಷೇಮ. ನೋಂದಣಿ ದೊರೆತ ಮಾತ್ರಕ್ಕೆ ತರಬೇತಿಯ ಸ್ಥಾನ ದೊರೆತಂತಲ್ಲ.