ಕತೆಗೆ ಬಂದ ಬಡವರ ಮನೆ

ಇಂಗ್ಲೆಂಡಿನ ಮಕ್ಕಳ ಪುಸ್ತಕಗಳಲ್ಲಿ ಬಡ ಮಗು ಮೊದಲಿನಿಂದಲೂ ಇದೆ. ಆದರೆ ಅದರ ಮನೆ ಕತೆಯೊಳಗೆ ಬರಲು ಬಹುಕಾಲ ಹಿಡಿಯಿತು. ಜಾನ್ ನ್ಯೂಬೆರಿ 1765ರಲ್ಲಿ ಪ್ರಕಟಿಸಿದ ‘ಗುಡಿ ಟೂ ಶೂಸ್’ನ ಅನಾಥೆ ಮಾರ್ಜರಿ ಅಕ್ಷರ ಕಲಿತು, ಊರ ಮಕ್ಕಳಿಗೆ ಪಾಠ ಹೇಳಿ, ಕೊನೆಗೆ ಸಿರಿವಂತನ ಕೈಹಿಡಿಯುತ್ತಾಳೆ. ಗುಣವಂತ ಬಡವರಿಗೆ ಸಿರಿತನವೇ ಬಹುಮಾನವೆಂಬ ಈ ಅಚ್ಚು ಬೇಗ ಸವೆಯಲಿಲ್ಲ.

ಚಾರ್ಲ್ಸ್ ಕಿಂಗ್ಸ್‌ಲೀ ಬರೆದ ‘ವಾಟರ್ ಬೇಬೀಸ್’ (1863) ಕತೆಯ ಟಾಮ್ ಹೊಗೆಗೂಡಿನೊಳಗೆ ತೂರಿ ಮಸಿ ತೆಗೆಯುವ ಹುಡುಗ. ದೊಡ್ಡಮನೆಯೊಂದರಲ್ಲಿ ದಾರಿ ತಪ್ಪಿ ಯಜಮಾನರ ಮಗಳ ಕೋಣೆಗೆ ಇಳಿಯುತ್ತಾನೆ. ಸುತ್ತಲೂ ಬಿಳುಪು, ಕನ್ನಡಿಯಲ್ಲಿ ಮಾತ್ರ ಕರ್ರಗಿನ ಚಿಂದಿಬಟ್ಟೆಯ ಆಕೃತಿ. ಅದು ತಾನೇ ಎಂದು ಹೊಳೆದಾಗ ಅವನಿಗೆ ಅಳು ಬರುತ್ತದೆ. 21 ವರ್ಷದೊಳಗಿನವರನ್ನು ಹೊಗೆಗೂಡಿಗೆ ಹತ್ತಿಸಬಾರದೆಂಬ ಕಾಯ್ದೆ 1840ರಲ್ಲೇ ಬಂದಿದ್ದರೂ ಪಾಲಿಸುವವರಿರಲಿಲ್ಲ. ಪುಸ್ತಕ ಬಂದ ಮರುವರ್ಷ ಕಾಯ್ದೆ ಬಿಗಿಯಾಯಿತು, 1875ರದು ಪದ್ಧತಿಗೆ ಕೊನೆ ಹಾಡಿತು. ಕತೆಯಲ್ಲಾದರೋ ಟಾಮ್‌ಗೆ ಬಿಡುಗಡೆ ಸಿಗುವುದು ಹೊಳೆಯಲ್ಲಿ ಮುಳುಗಿದ ಮೇಲೆ.

ಫ್ರಾನ್ಸಿಸ್ ಹಾಜ್‌ಸನ್ ಬರ್ನೆಟ್‌ರ ‘ಎ ಲಿಟಲ್ ಪ್ರಿನ್ಸೆಸ್’ (1905) ಇನ್ನೂ ನೋವಿನ ಉದಾಹರಣೆ. ತಂದೆ ತೀರಿ ಹಣ ಹೋದಾಗ ಸಾರಾ ಶಾಲೆಯ ಅಟ್ಟ ಸೇರುತ್ತಾಳೆ. ಪಕ್ಕದ ಅಟ್ಟದಲ್ಲಿ ಪಾತ್ರೆ ತಿಕ್ಕುವ ಬೆಕಿ. ಹಸಿವು, ಚಳಿ ಇಬ್ಬರಿಗೂ ಒಂದೇ. ಸಾರಾಳ ಆಸ್ತಿ ಮರಳಿದಾಗ ಬೆಕಿಗೂ ಹೊಟ್ಟೆ ತುಂಬುತ್ತದೆ, ಆದರೆ ಸಾರಾಳ ಸೇವಕಿಯಾಗಿ.

ಈವ್ ಗಾರ್ನೆಟ್ 1927ರ ‘ದಿ ಲಂಡನ್ ಚೈಲ್ಡ್’ ಪುಸ್ತಕಕ್ಕೆ ಚಿತ್ರ ಬರೆಯಲು ಹೋಗಿ ನಗರದ ಬಡಕೇರಿಗಳನ್ನು ಕಂಡು ತತ್ತರಿಸಿದರು. ಅವರ ‘ದಿ ಫ್ಯಾಮಿಲಿ ಫ್ರಮ್ ಒನ್ ಎಂಡ್ ಸ್ಟ್ರೀಟ್’ ಹಸ್ತಪ್ರತಿಯನ್ನು ಹಲವು ಪ್ರಕಾಶಕರು ಮಕ್ಕಳಿಗೆ ತಕ್ಕುದಲ್ಲವೆಂದು ತಿರಸ್ಕರಿಸಿದರು. 1937ರಲ್ಲಿ ಅಚ್ಚಾಗಿ ಆ ವರ್ಷದ ಕಾರ್ನೆಗಿ ಪದಕ ಗೆದ್ದಿತು. ಅಪ್ಪ ಊರಿನ ಕಸ ಸಾಗಿಸುವವನು, ಅಮ್ಮ ಪರರ ಬಟ್ಟೆ ಒಗೆಯುವವಳು, ಏಳು ಮಕ್ಕಳು. ಅಮ್ಮನಿಗೆ ನೆರವಾಗಲು ಹಿರಿಮಗಳು ಲಿಲಿ ರೋಸ್ ಒಬ್ಬ ಗಿರಾಕಿಯ ಕೃತಕ ರೇಷ್ಮೆಯ ಹಸಿರು ಒಳಲಂಗಕ್ಕೆ ಇಸ್ತ್ರಿ ಹಾಕುತ್ತಾಳೆ. ಕಾದ ಪೆಟ್ಟಿಗೆ ತಗುಲಿ ಲಂಗ ಗೊಂಬೆಯ ಅಳತೆಗೆ ಮುದುಡುತ್ತದೆ. ಅದು ಬಟ್ಟೆಯೊಂದೇ ಅಲ್ಲ, ಮನೆಯ ಅನ್ನ. ಮಗಳೊಬ್ಬಳು ವಿದ್ಯಾರ್ಥಿವೇತನ ಗೆದ್ದಾಗಲೂ ಸಮವಸ್ತ್ರದ ಖರ್ಚಿನ ಲೆಕ್ಕ ಶುರು. ಗಾರ್ನೆಟ್ ಬಡವರನ್ನು ಮೇಲಿನಿಂದ ನೋಡಿದರೆಂಬ ಆಕ್ಷೇಪ ಆಮೇಲೆ ಬಂತು, ಅದರಲ್ಲಿ ಹುರುಳಿದೆ. ಆದರೂ ದುಡಿಯುವವರ ಸಂಸಾರವನ್ನು ಅದರದೇ ಅಡುಗೆಮನೆಯಲ್ಲಿ ನಿಲ್ಲಿಸಿದ್ದು ಸಣ್ಣ ಕೆಲಸವಲ್ಲ.

ಶಾಲೆಯ ಓದುಪುಸ್ತಕಗಳು ಬದಲಾಗಲು ಇನ್ನೂ ಮೂರು ದಶಕ ಹಿಡಿಯಿತು. ಅಚ್ಚುಕಟ್ಟಾದ ತೋಟದ ಮನೆಗಳ ಮಕ್ಕಳೇ ತುಂಬಿದ್ದ ಆ ಪಾಠಗಳಿಗೆ ಎದುರಾಗಿ ಲೀಲಾ ಬರ್ಗ್ 1968ರಿಂದ ‘ನಿಪ್ಪರ್ಸ್’ ಮಾಲೆ ತಂದರು. ದುಡಿಯುವವರ ಮಕ್ಕಳು ಅದರಲ್ಲಿ ತಮ್ಮ ಬೀದಿಯನ್ನೇ ಓದತೊಡಗಿದರು.