ಬೀದರಿನ ಪೇರಲ: ನೀರು, ನೆಲ, ಬೆಲೆ

ಬೀದರಿನ ಇತಿಹಾಸವೆಂದೊಡನೆ ಕೋಟೆ, ಗುಮ್ಮಟ, ಮದರಸಾಗಳು ನಮ್ಮ ಕಣ್ಣಮುಂದೆ ನಿಲ್ಲುತ್ತವೆ. ಆ ಸೀಮೆಯ ಪೇರಲದ ಬುಟ್ಟಿಗೂ ಒಂದು ಇತಿಹಾಸವುಂಟು ಎಂಬುದು ಅಷ್ಟಾಗಿ ಯಾರ ಗಮನಕ್ಕೂ ಬಂದಿಲ್ಲ.

ಮೊದಲು ನೀರಿನ ಮಾತು. ಬೀದರ್ ನಗರ ನಿಂತಿರುವುದು ಕೆಂಪು ಮುರಕಲ್ಲಿನ ಎತ್ತರದ ಬಯಲಿನ ಮೇಲೆ. ಮಳೆಯ ನೀರು ಆ ಕಲ್ಲಿನೊಳಗೆ ಇಂಗಿ ಒಳಗೊಳಗೇ ಹರಿಯುತ್ತದೆ. 15ನೆಯ ಶತಮಾನದಲ್ಲಿ ಬಹಮನಿ ಅರಸರು ಕಲಬುರಗಿಯಿಂದ ರಾಜಧಾನಿಯನ್ನು ಇಲ್ಲಿಗೆ ತಂದ ಮೇಲೆ, ಪರ್ಷಿಯಾದ ಪದ್ಧತಿಯಂತೆ ನೆಲದಡಿ ಸುರಂಗ ಕೊರೆದು, ನಡುನಡುವೆ ಬಾವಿಗಳನ್ನು ತೋಡಿ ಆ ನೀರನ್ನು ಹೊರತರಲಾಯಿತು. ನೌಬಾದಿನ ಸುರಂಗ ಬಾವಿ ಇದಕ್ಕೆ ಸಾಕ್ಷಿ. ಸಣ್ಣ ತೋಟದವನು ತನ್ನ ಪಾಲಿನ ನೆಲದಲ್ಲಿ ತನ್ನದೇ ಬಾವಿ ತೋಡಿಕೊಂಡ.

ಆದರೆ ಹಣ್ಣು ಸುಲ್ತಾನರ ಕಾಲದ್ದಲ್ಲ. ಪೇರಲದ ತವರು ಅಮೆರಿಕ. ಅದನ್ನು ಭಾರತಕ್ಕೆ ತಂದವರು ಪೋರ್ಚುಗೀಸರು. ಅವರು ಗೋವೆಯನ್ನು ಗೆದ್ದದ್ದು 1510ರಲ್ಲಿ. 1472ರಲ್ಲಿ ಮದರಸಾ ಕಟ್ಟಿಸಿದ ಮಹಮೂದ್ ಗವಾನ ಮರಣದಂಡನೆಗೆ ಗುರಿಯಾದದ್ದು 1481ರಲ್ಲಿ. ಇಂದು ಬೀದರಿನ ಹೆಸರಿನೊಡನೆ ಸೇರಿಹೋದ ಈ ಹಣ್ಣಿನ ರುಚಿಯನ್ನು ಆ ಮಂತ್ರಿ ಕಂಡಿರಲಾರ.

ಪೇರಲದ ಸ್ವಭಾವವೇ ಅದರ ಬೆಲೆಯನ್ನು ಕಟ್ಟುತ್ತದೆ. ಮಿರಗದ ಮಳೆಗೆ ಹೂ ಬಿಟ್ಟ ಗಿಡ ಚಳಿಗಾಲದಲ್ಲಿ ಫಲ ಕೊಡುತ್ತದೆ. ಕಾಯಿಗಳೆಲ್ಲ ಒಮ್ಮೆಗೇ ಬಲಿಯುವುದಿಲ್ಲ; ಕಡುಹಸಿರು ತಿಳಿಯಾದವನ್ನು ಮಾತ್ರ ಆರಿಸಿ, ಮತ್ತೆ ಮತ್ತೆ ಕೀಳಬೇಕು. ಗಿಳಿ, ಬಾವಲಿಗಳಿಂದ ಕಾಯಬೇಕು. ಕಿತ್ತದ್ದು ನಾಲ್ಕೈದು ದಿನಕ್ಕೆ ಮೆತ್ತಗಾಗುತ್ತದೆ. ಆದುದರಿಂದಲೇ ಆಳುಕಾಳಿಲ್ಲದ ಸಂಸಾರ ಗಿಡದ ಮೇಲಿನ ಕಾಯನ್ನೇ ಗುತ್ತಿಗೆ ಕೊಡುತ್ತದೆ. ಮುಂಗಡ ಹಣ ಕೈಸೇರುತ್ತದೆ, ಆಲಿಕಲ್ಲಿನ ಭಯ ಗುತ್ತೇದಾರನದಾಗುತ್ತದೆ; ಬೆಲೆ ಏರಿದರೆ ಲಾಭವೂ ಅವನದೇ. ತಾನೇ ಕಿತ್ತು ಮಾರುವವನಿಗೆ ಆ ಲಾಭದ ಆಸೆಯುಂಟು. ಆದರೆ ಅಡತಿ ಅಂಗಡಿಯಲ್ಲಿ ಸವಾಲು ಕೆಳಗಿಳಿದರೆ ಬುಟ್ಟಿಯನ್ನು ಮರಳಿ ಹೊತ್ತೊಯ್ಯುವಂತಿಲ್ಲ.

ದಾರಿಯೂ ಬೆಲೆಯ ಒಂದು ಭಾಗ. ನಿಜಾಮರ ಆಳ್ವಿಕೆಯಲ್ಲಿ ವಿಕಾರಾಬಾದ್–ಪರಳಿ ರೈಲುಮಾರ್ಗ ಬೀದರನ್ನೂ ಭಾಲ್ಕಿಯನ್ನೂ ಮುಟ್ಟಿತು. ಔರಾದ ಪಟ್ಟಣವನ್ನು ಮುಟ್ಟಲಿಲ್ಲ. ಅಲ್ಲಿಯ ಹಣ್ಣಿಗೆ ಮೊದಲು ಬಂಡಿ, ಆಮೇಲೆ ಮೋಟಾರು. 1956ರಲ್ಲಿ ಬೀದರ್ ಮೈಸೂರು ರಾಜ್ಯವನ್ನು ಸೇರಿತು. ಆದರೆ ಹತ್ತಿರದ ಮಹಾನಗರ ಇಂದಿಗೂ ಹೈದರಾಬಾದೇ. ಬೆಂಗಳೂರು ಬಹು ದೂರ. ರಾಜ್ಯದ ಗಡಿ ಬದಲಾಯಿತೆಂದು ಹಣ್ಣಿನ ಆಯುಷ್ಯ ಹೆಚ್ಚಲಿಲ್ಲ.

ಅರಸರ ಕೋಟೆ ಐದು ನೂರು ವರ್ಷಗಳಿಂದ ನಿಂತಿದೆ. ಸಂಸಾರದ ಪೇರಲಕ್ಕೆ ಇರುವುದು ಐದೇ ದಿನ. ತಂಪು ಉಗ್ರಾಣವೋ, ನೆರೆಹೊರೆಯವರು ಕೂಡಿ ಮಾಡುವ ಸಾಗಣೆಯೋ ಆ ಐದು ದಿನಗಳನ್ನು ಹತ್ತಾಗಿಸಿದರೆ, ಬೆಲೆ ಹೇಳುವ ಮಾತು ಮೊದಲ ಬಾರಿಗೆ ತೋಟದವನ ಬಾಯಿಗೆ ಬಂದೀತು.