ಔಷಧದಾನ ಮತ್ತು ಅಭಯದಾನ

ಆಹಾರ, ಔಷಧ, ಶಾಸ್ತ್ರ, ಅಭಯ ಎಂಬ ಚತುರ್ವಿಧ ದಾನಗಳು ಶ್ರಾವಕರಿಗೆ ವಿಹಿತವಾಗಿವೆ. ಇವುಗಳಲ್ಲಿ ಔಷಧಕ್ಕೂ ಅಭಯಕ್ಕೂ ವಿರೋಧ ತಲೆದೋರಬಾರದೆಂಬ ಎಚ್ಚರ ನಮ್ಮ ಪ್ರಾಚೀನ ವೈದ್ಯಗ್ರಂಥಕಾರರಲ್ಲಿತ್ತು. 9ನೆಯ ಶತಮಾನದಲ್ಲಿ ಉಗ್ರಾದಿತ್ಯಾಚಾರ್ಯರು ಸಂಸ್ಕೃತ ‘ಕಲ್ಯಾಣಕಾರಕ’ದಲ್ಲಿ ಮದ್ಯ, ಮಾಂಸ, ಮಧುಗಳನ್ನು ವರ್ಜಿಸಿ ಚಿಕಿತ್ಸೆಯನ್ನು ನಿರೂಪಿಸಿದರು, ರಾಷ್ಟ್ರಕೂಟ ಅಮೋಘವರ್ಷನ ಸಭೆಯಲ್ಲಿ ಮಾಂಸಸೇವನೆಯ ನಿರರ್ಥಕತೆಯನ್ನು ಪ್ರತಿಪಾದಿಸಿದರು. 12ನೆಯ ಶತಮಾನದಲ್ಲಿ ಜಗದ್ದಳ ಸೋಮನಾಥನು ಪೂಜ್ಯಪಾದರ ವೈದ್ಯಗ್ರಂಥವನ್ನು ಕನ್ನಡಕ್ಕೆ ತಂದಾಗಲೂ ಈ ನಿಯಮವನ್ನು ಮೀರಲಿಲ್ಲ.

ರಾಸಾಯನಿಕ ಔಷಧಗಳ ಕಾಲದಲ್ಲಿ ಪ್ರಶ್ನೆ ಜಟಿಲವಾಯಿತು. 1937ರಲ್ಲಿ ಅಮೆರಿಕದಲ್ಲಿ ಸಲ್ಫಾ ಔಷಧವನ್ನು ವಿಷಕಾರಿ ದ್ರವವೊಂದರಲ್ಲಿ ಕರಗಿಸಿ, ಸುರಕ್ಷತೆಯನ್ನು ಪರೀಕ್ಷಿಸದೆ ಮಾರಲಾಯಿತು. ನೂರಕ್ಕೂ ಮಿಕ್ಕಿ ಜನ ಮಡಿದರು. ಅವರಲ್ಲಿ ಮಕ್ಕಳೂ ಇದ್ದರು. ಮರುವರ್ಷವೇ ಅಲ್ಲಿ ಮಾರಾಟಕ್ಕೆ ಮುನ್ನ ಸುರಕ್ಷತೆಯ ಪುರಾವೆ ಕಡ್ಡಾಯವಾಯಿತು. ಹೊಸ ಔಷಧವನ್ನು ಮೊದಲು ಇಲಿ, ಮೊಲ ಮುಂತಾದ ಪ್ರಾಣಿಗಳಲ್ಲಿ, ಅನಂತರ ಕೆಲವೇ ಸ್ವಯಂಸೇವಕರಲ್ಲಿ, ಬಳಿಕ ನೂರಾರು ರೋಗಿಗಳಲ್ಲಿ ಪರೀಕ್ಷಿಸುವ ಕ್ರಮ ಬೆಳೆಯಿತು. ಪರೀಕ್ಷೆಯನ್ನು ಬಿಟ್ಟರೆ ರೋಗಿಗೆ ಹಿಂಸೆ. ಮಾಡಿದರೆ ಮೂಕಜೀವಿಗೆ ಹಿಂಸೆ. ಉಚ್ಚಿಲದಿಂದ ಮಣಿಪಾಲದ ಆಸ್ಪತ್ರೆಗೆ ಹೋಗಿ ಗುಣಹೊಂದಿ ಮರಳುವ ಶ್ರಾವಕನೂ ಈ ಋಣದಿಂದ ಹೊರತಲ್ಲ.

ಆದರೆ ದಾರಿ ಮುಚ್ಚಿಲ್ಲ. ಭಾರತದ 1960ರ ಪ್ರಾಣಿಹಿಂಸಾ ನಿವಾರಣಾ ಕಾಯಿದೆಯು ಪ್ರಾಣಿಪ್ರಯೋಗಗಳ ಮೇಲೆ ನಿಗಾ ಇಡುವ ಸಮಿತಿಗೆ ಅವಕಾಶ ಕಲ್ಪಿಸಿತು. ಹೊಸ ಔಷಧಗಳ ನಿಯಮಗಳಿಗೆ 2023ರಲ್ಲಿ ಆದ ತಿದ್ದುಪಡಿಯು ಮಾನವ ಜೀವಕೋಶಗಳಲ್ಲಿಯೂ ಗಣಕಯಂತ್ರದ ಮೂಲಕವೂ ನಡೆಸುವ ಪರೀಕ್ಷೆಗಳಿಗೆ ಮನ್ನಣೆಯಿತ್ತಿತು. ಇಂತಹ ಸಂಶೋಧನೆಗೆ ಶ್ರಾವಕನು ನೀಡುವ ದ್ರವ್ಯವು ಏಕಕಾಲದಲ್ಲಿ ಔಷಧದಾನವೂ ಅಭಯದಾನವೂ ಆಗುವುದು.